ಲಾ ಮಾರ್ಮೋಟ್‌ಗೆ ಹೆಸರು ಕೊಟ್ಟಾಯ್ತು, ಈಗ ತಯಾರಿ ಹೇಗೆ?

ನಿಧಾನ_ಗಾಲಿ

ಎಲ್ಲರಿಗೂ ನಮಸ್ಕಾರ. ಲಾ ಮಾರ್ಮೋಟ್‌ಗೆ ಜಾಗ ಸಿಕ್ಕಿದೆ. ಗೊತ್ತಿಲ್ಲದವರಿಗೆ ಎರಡು ಮಾತು: ಫ್ರಾನ್ಸಿನ ಆಲ್ಪ್ಸ್‌ನಲ್ಲಿ 1982ರಿಂದ ನಡೀತಾ ಬಂದಿರೋ ಹವ್ಯಾಸಿಗಳ ಒಂದು ದಿನದ ಸೈಕಲ್ ಓಟ. ಸುಮಾರು 175 ಕಿ.ಮೀ., ಒಟ್ಟು ಏರು 5000 ಮೀಟರ್ ಆಸುಪಾಸು. ಗ್ಲ್ಯಾಂಡನ್, ಟೆಲಿಗ್ರಾಫ್, ಗ್ಯಾಲಿಬಿಯೆ ಅನ್ನೋ ಘಾಟಿಗಳನ್ನ ದಾಟಿ, ಕೊನೆಗೆ ಆಲ್ಪ್ ದುಯೆಜ್ ಹತ್ತಿ ಮುಗಿಸಬೇಕು.

ನನ್ನ ತೂಕ 75 ಕೆ.ಜಿ. ಒಂದು ಗಂಟೆ ತಡೆದುಕೊಳ್ಳೋ ಪವರ್ 220 ವ್ಯಾಟ್. ಸಮತಟ್ಟು ರಸ್ತೆಯಲ್ಲಿ 200 ಕಿ.ಮೀ. ಆರಾಮಾಗಿ ಹೊಡೀತೀನಿ, ಆದ್ರೆ ಹತ್ತಿರದಲ್ಲಿ ಹೇಳಿಕೊಳ್ಳುವಂಥ ಗುಡ್ಡ ಇಲ್ಲ. ಸೈಕಲ್‌ನ ಗೇರ್ ಚಕ್ರಗಳಲ್ಲಿ ಮುಂದೆ 50/34 ಹಲ್ಲು, ಹಿಂದೆ 11-28.

ಈ ಗೇರ್ ಸಾಕಾ? ಗುಡ್ಡ ಇಲ್ಲದೆ ಗುಡ್ಡಕ್ಕೆ ತಯಾರಿ ಹೇಗೆ? ಮುಖ್ಯವಾಗಿ, ನನ್ನಂಥವನು ಕಟ್‌ಆಫ್ (ಆಯೋಜಕರು ಹಾಕಿರೋ ಕೊನೇ ಸಮಯ) ಒಳಗೆ ಮುಗಿಸಬಹುದಾ, ಇಲ್ಲಾ ಸುಮ್ನೆ ಹುಂಬತನವಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಸ್ಪ್ರಾಕೆಟ್_ಶಾಸ್ತ್ರಿ

ಗೇರ್ ಪ್ರಶ್ನೆಗೆ ಮೊದಲು ಉತ್ತರ: ಸಾಲಲ್ಲ. ಲೆಕ್ಕ ನೋಡಿ. 8% ಏರಿನಲ್ಲಿ ನೀವು ಗಂಟೆಗೆ 8 ಕಿ.ಮೀ. ಆಸುಪಾಸಿನಲ್ಲಿ ಹೋಗ್ತೀರಿ. ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀ. ಸಾಗುತ್ತೆ. 34×28ರಲ್ಲಿ (ಮುಂದೆ 34 ಹಲ್ಲು, ಹಿಂದೆ 28) ಆ ವೇಗಕ್ಕೆ ನಿಮಿಷಕ್ಕೆ 52 ಸಲ ಪೆಡಲ್ ತುಳಿಯಬೇಕು. 34×34 ಹಾಕಿದ್ರೆ 63. ಹತ್ತು ನಿಮಿಷಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಒಂಬತ್ತನೇ ಗಂಟೆಯಲ್ಲಿ 52ರ ಕ್ಯಾಡೆನ್ಸ್‌ನಲ್ಲಿ ತುಳಿಯೋಕೆ ಹೋದ್ರೆ ಮಂಡಿ ಮಾತಾಡುತ್ತೆ.

ಕ್ಯಾಸೆಟ್, ಅಂದ್ರೆ ಹಿಂದಿನ ಹಲ್ಲುಚಕ್ರಗಳ ಗುಚ್ಛ, ಬದಲಾಯಿಸಿ. ಹಿಂದಿನ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಸಾಧನ) ಗಿಡ್ಡ ಕೇಜ್‌ನದಾಗಿದ್ರೆ 34 ಹಲ್ಲು ಹಿಡಿಯಲ್ಲ, ಅದನ್ನೂ ಬದಲಿಸಬೇಕಾಗುತ್ತೆ. ಚೈನ್ ಉದ್ದ ಮರೀಬೇಡಿ. ಹಳೇ ಚೈನ್‌ನ್ನೇ ಬಿಟ್ಟು ದೊಡ್ಡದು-ದೊಡ್ಡದು ಗೇರ್‌ಗೆ ಹಾಕಿ ಡಿರೇಲರ್ ಹ್ಯಾಂಗರ್ ಮುರಿದುಕೊಂಡವರನ್ನ ನೋಡಿದೀನಿ. 46/30 ಕ್ರ್ಯಾಂಕ್ ಹಾಕೋಕೆ ಸಾಧ್ಯ ಇದ್ರೆ ಇನ್ನೂ ಒಳ್ಳೇದು. "ಅದು ಗ್ರಾವೆಲ್ ಸೈಕಲ್‌ದು" ಅಂತ ಯಾರಾದ್ರೂ ನಕ್ರೆ ನಗಲಿ ಬಿಡಿ, ಅವರು ಮೇಲೆ ಸೈಕಲ್ ತಳ್ಕೊಂಡು ಹೋಗ್ತಾ ಇರ್ತಾರೆ.

ಏರುಬಂಡಿ

ನಾನು ಈ ಓಟ ಮುಗಿಸಿದವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಓಟ ಶುರುವಾಗೋ ಊರು ಬೂರ್ ದ್ವಾಸಾಂ ಬಿಟ್ಟ ಮೇಲೆ ಮೊದಲ ಹತ್ತು ಕಿ.ಮೀ. ಹತ್ರತ್ರ ಸಪಾಟು. ಅಲ್ಲೇ ಅರ್ಧ ಜನರ ಓಟ ಕೆಡೋದು. ಸಾವಿರಾರು ಜನ, ಬೆಳಗಿನ ತಂಪು, ಕಾಲು ತಾಜಾ, ಗುಂಪಿನ ಮಧ್ಯೆ ಗಾಳಿಯೇ ತಾಗಲ್ಲ, ಗಂಟೆಗೆ 40ರಲ್ಲಿ ಹೋಗ್ತಾ ಇದ್ರೂ ಏನೂ ಅನ್ಸಲ್ಲ. ಆಮೇಲೆ ಅಣೆಕಟ್ಟಿನ ಹತ್ರ ಗ್ಲ್ಯಾಂಡನ್ ಶುರು. ಅದೇ ಹುರುಪಿನಲ್ಲಿ ಹತ್ತೋಕೆ ಹೋಗ್ತಾರೆ. ಗ್ಲ್ಯಾಂಡನ್ ಒಂದೇ ಸಮ ಇರೋ ಏರಲ್ಲ: ಮಧ್ಯದಲ್ಲಿ ಒಂದು ಸಣ್ಣ ಇಳಿತ ಬಂದು, ಅದರ ಬೆನ್ನಿಗೇ 10% ದಾಟೋ ಗೋಡೆ ಎದ್ದು ನಿಲ್ಲುತ್ತೆ. ಅಲ್ಲಿ ಜನ ಸೀಟಿಂದ ಎದ್ದು ಸೈಕಲ್ ಅಲ್ಲಾಡಿಸ್ತಾ ಒಬ್ಬರನ್ನೊಬ್ಬರು ದಾಟ್ತಾರೆ. ಆ ಹೊತ್ತಲ್ಲಿ ನಿಮ್ಮನ್ನ ದಾಟಿದವರ ಬೆನ್ನ ಮೇಲಿನ ನಂಬರ್ ನೋಡಿಟ್ಕೊಳ್ಳಿ. ಮಧ್ಯಾಹ್ನ ಮೇಲೆ ಅದೇ ನಂಬರ್‌ಗಳು ನೆರಳಲ್ಲಿ ಕೂತಿರುತ್ವೆ.

ಗ್ಲ್ಯಾಂಡನ್ ಇಳಿತ ಕಡಿದು, ತಿರುವು ಜಾಸ್ತಿ. ಅಪಘಾತ ಆಗುತ್ತೆ ಅಂತ ಅಲ್ಲಿನ ಸಮಯವನ್ನ ರ‍್ಯಾಂಕಿಂಗ್ ಲೆಕ್ಕದಿಂದ ಬಿಡೋ ಪದ್ಧತಿ ಇಟ್ಟಿದ್ದಾರೆ. ಹಾಗಾಗಿ ಮೇಲೆ ನಿಂತು ಜಾಕೆಟ್ ಹಾಕಿ, ತಿಂದು, ನೀರು ತುಂಬಿಸಿಕೊಂಡು ನಿಧಾನ ಇಳೀರಿ. ಆದ್ರೆ ಮುಂದಿನ ಕಟ್‌ಆಫ್ ನಿಂತಿರಲ್ಲ, ಅದು ಗೋಡೆ ಗಡಿಯಾರದ ಸಮಯ. ಅಲ್ಲೇ ಸಂತೆ ಹೂಡಬೇಡಿ.

ಆಮೇಲೆ ಮೋರಿಯೆನ್ ಕಣಿವೆ. ನಕ್ಷೆಯಲ್ಲಿ ಏನೂ ಇಲ್ಲ ಅನ್ಸುತ್ತೆ. ಸಣ್ಣಗೆ ಏರ್ತಾ ಇರೋ ರಸ್ತೆ, ಪಕ್ಕದಲ್ಲಿ ಲಾರಿ, ಎದುರು ಗಾಳಿ. ಇಲ್ಲಿ ಒಬ್ಬರೇ ಸಿಕ್ಕಿಹಾಕ್ಕೊಂಡ್ರೆ ಕೆಲಸ ಕೆಟ್ಟ ಹಾಗೆ. ಹಿಂದೆ ಗುಂಪು ಬರ್ತಿದೆ ಅಂದ್ರೆ ಎರಡು ನಿಮಿಷ ಪೆಡಲ್ ಸಡಿಲ ಬಿಟ್ಟು ಕಾದು ಸೇರ್ಕೊಳ್ಳಿ. ಮುಂದಿನವರ ಗಾಲಿ ಹಿಡಿದ್ರೆ ಕಾಲುಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತೆ. ನಿಮ್ಮ ಸರದಿ ಬಂದಾಗ ಮುಂದೆ ಬಂದು ಎಳೀರಿ, ಗುಂಪಿನಲ್ಲಿ ಬರೀ ಹಿಂದೆ ಕೂತು ಬರೋವರನ್ನ ಯಾರೂ ಇಷ್ಟಪಡಲ್ಲ.

ಟೆಲಿಗ್ರಾಫ್ 12 ಕಿ.ಮೀ., 7% ಸರಾಸರಿ, ಒಂದೇ ಲಯ, ಕಾಡಿನ ನೆರಳು. ಚೆನ್ನಾಗಿದೆ. ವಾಲ್ವಾರ್ ಅನ್ನೋ ಊರಿಗೆ ಸಣ್ಣ ಇಳಿತ. ಅಲ್ಲಿಂದ ಗ್ಯಾಲಿಬಿಯೆ 18 ಕಿ.ಮೀ. ಪ್ಲಾಂ ಲಾಶಾ ಅನ್ನೋ ಜಾಗದವರೆಗೆ ಕಣಿವೆ ನೆಟ್ಟಗೆ, ಮರ ಇಲ್ಲ, ಬಿಸಿಲು. ಅಲ್ಲಿ ಬಲಕ್ಕೆ ಸೇತುವೆ ದಾಟ್ತೀರಿ, ರಸ್ತೆ ಒಮ್ಮೆಲೇ ಗೋಡೆ ಹತ್ತುತ್ತೆ. ಇನ್ನೂ 8 ಕಿ.ಮೀ. ಉಳಿದಿರುತ್ತೆ. ತುದಿ 2642 ಮೀ. ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತಲೂ ಕಮ್ಮಿ. ಕೆಳಗೆ 165 ವ್ಯಾಟ್ ತುಳಿದವರಿಗೆ ಮೇಲೆ 145 ಬಂದ್ರೆ ಪುಣ್ಯ. ಅದಕ್ಕೆ ತಲೆ ಕೆಡಿಸ್ಕೋಬೇಡಿ, ಉಸಿರು ನೋಡ್ಕೊಂಡು ಹೋಗಿ.

ಆಲ್ಪ್ ದುಯೆಜ್ ಬಗ್ಗೆ ಎಲ್ಲರೂ ಬರೆದಿದ್ದಾರೆ. 21 ತಿರುವು, 13.8 ಕಿ.ಮೀ., 8.1%. ನಾನು ಹೇಳೋದು ಒಂದೇ: ಮೊದಲ ಎರಡು ಕಿ.ಮೀ. 10%ಕ್ಕೂ ಮೇಲೆ. ಗ್ಯಾಲಿಬಿಯೆ ಆಚೆ ಕೆಳಗೆ ಸಿಗೋ ಲೋತಾರೆ ಘಾಟಿಯಿಂದ ಅಷ್ಟು ದೂರ ಇಳ್ಕೊಂಡು ಬಂದು ಕಾಲು ಕೊರಡಾಗಿರುತ್ತೆ, ಕೆಳಗೆ ಕಣಿವೆಯಲ್ಲಿ ಸೆಕೆ ಕುದೀತಿರುತ್ತೆ. ತಿರುವುಗಳಿಗೆ 21ರಿಂದ ಇಳಿಕೆ ಕ್ರಮದಲ್ಲಿ ನಂಬರ್ ಹಾಕಿದ್ದಾರೆ. 21ರಿಂದ 16ರವರೆಗೆ ಸಹಿಸಿಕೊಂಡ್ರೆ ಮುಂದೆ ಸ್ವಲ್ಪ ಸಡಿಲ ಆಗುತ್ತೆ.

ಬಿಆರ್‌ಎಂ_ಹುಚ್ಚ

ಸ್ವಲ್ಪ ಭಿನ್ನಾಭಿಪ್ರಾಯ. ನಾವು ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸೋ ದೂರದ ಸೈಕಲ್ ಸವಾರಿ) ಓಡಿಸೋರು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ, ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನ 1200ಕ್ಕೆ 90 ಗಂಟೆ. ಅಲ್ಲಿ ರ‍್ಯಾಂಕ್ ಇಲ್ಲ, ಯಾರು ಮೊದಲು ಬಂದ್ರೂ ಒಂದೇ. ಆ ಅಭ್ಯಾಸ ಇರೋರಿಗೆ ಇದೇನು ದೊಡ್ಡದಲ್ಲ. ಮೂರು ಬ್ರೆವೆ ಮಾಡಿ ಗುರುವೇ, ರಾತ್ರಿ ಪೂರ್ತಿ ತುಳಿದವನಿಗೆ 12 ಗಂಟೆ ಯಾವ ಲೆಕ್ಕ.

ಏರುಬಂಡಿ

@ಬಿಆರ್‌ಎಂ_ಹುಚ್ಚ, ಅಣ್ಣಾ, ತಡ್ಕೊಳ್ಳೋ ಶಕ್ತಿ ಬೇರೆ, ಏರಿನಲ್ಲಿ ಬಿಡದೆ ಒಂದೂವರೆ ಗಂಟೆ ಒತ್ತೋ ಶಕ್ತಿ ಬೇರೆ. ಬ್ರೆವೆಯಲ್ಲಿ ಸಪಾಟಿನಲ್ಲಿ ಗಳಿಸಿದ ಸಮಯವನ್ನ ಏರಿನಲ್ಲಿ ಖರ್ಚು ಮಾಡಬಹುದು. ಇಲ್ಲಿ ಗಳಿಸೋಕೆ ಸಪಾಟೇ ಇಲ್ಲ. ಆದ್ರೂ ಒಂದು ಮಾತು ಒಪ್ತೀನಿ, ನಿಲ್ಲೋ ಸಮಯವನ್ನ ಹೇಗೆ ಕಡಿಮೆ ಮಾಡೋದು ಅಂತ ನಿಮ್ಮವರ ಹತ್ರ ಕಲೀಬೇಕು. ಈ ಓಟದಲ್ಲಿ ಫುಡ್ ಪಾಯಿಂಟ್‌ಗಳಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಕಳೆಯೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಬಿಆರ್‌ಎಂ_ಹುಚ್ಚ

ಅದು ಸರಿ ಬಿಡಿ. ನಮ್ಮ ನಿಯಮ ಇಷ್ಟು: ಸೈಕಲ್ ನಿಲ್ಲಿಸೋ ಮುಂಚೆನೇ ಏನು ಮಾಡಬೇಕು ಅಂತ ಬಾಯಿಪಾಠ ಹೇಳ್ಕೊಳ್ಳೋದು. ನೀರು, ಉಪ್ಪಿನ ಪುಡಿ, ಜೇಬಿಗೆ ತಿಂಡಿ, ಮೂತ್ರ, ಹೊರಡು. ಕೂತ್ರೆ ಏಳೋಕಾಗಲ್ಲ, ಹಾಗಾಗಿ ಕೂರೋದೇ ಇಲ್ಲ.

ನಿಧಾನ_ಗಾಲಿ

ಎಲ್ಲರಿಗೂ ಧನ್ಯವಾದ. ನನ್ನ ಅಂಕಿಗಳಿಗೆ ಸಮಯದ ಲೆಕ್ಕ ಯಾರಾದ್ರೂ ಹಾಕಿ ಕೊಡ್ತೀರಾ?

ಸ್ಪ್ರಾಕೆಟ್_ಶಾಸ್ತ್ರಿ

ನಿಮ್ಮ ಮೈ 75, ಸೈಕಲ್ಲು, ಬಾಟಲಿ, ಬಟ್ಟೆ ಎಲ್ಲ ಸೇರಿ 86 ಕೆ.ಜಿ. ಅಂತಿಟ್ಕೊಳ್ಳೋಣ. ದಿನವಿಡೀ ಏರೋದಾದ್ರೆ 220ರ ಮುಕ್ಕಾಲು ಭಾಗ, ಅಂದ್ರೆ 165 ವ್ಯಾಟ್ ದಾಟಬಾರದು. ಅದರಲ್ಲಿ ಟೈರ್, ಗಾಳಿ, ಚೈನ್‌ಗೆ ಹೋಗೋದು ಕಳೆದ್ರೆ ಗಂಟೆಗೆ 600 ಮೀಟರ್ ಚಿಲ್ಲರೆ ಮೇಲೇರ್ತೀರಿ. 5000 ಮೀಟರ್‌ಗೆ ಏರೋಕೇ ಎಂಟು ಗಂಟೆ ಚಿಲ್ಲರೆ. ಇಳಿತ ಮತ್ತು ಕಣಿವೆಗೆ ಮೂರು ಗಂಟೆ. ನಿಲ್ಲೋದು ಮುಕ್ಕಾಲು ಗಂಟೆ. ಒಟ್ಟು ಹನ್ನೆರಡು ಗಂಟೆಯ ಆಸುಪಾಸು.

ಈ ವರ್ಷದ ಕಟ್‌ಆಫ್ ಪಟ್ಟಿಯನ್ನ ಆಯೋಜಕರ ನಿಯಮಾವಳಿಯಲ್ಲೇ ನೋಡಿ, ಹಳೇ ಪೋಸ್ಟ್‌ಗಳನ್ನ ನಂಬಬೇಡಿ, ದಾರಿಯೂ ಕೆಲವೊಮ್ಮೆ ಬದಲಾಗುತ್ತೆ. ಪ್ರತಿ ಕಟ್‌ಆಫ್ ಜಾಗಕ್ಕೂ ನೀವು ಮುಟ್ಟಬೇಕಾದ ಸಮಯವನ್ನ ಚೀಟಿಯಲ್ಲಿ ಬರೆದು ಸೈಕಲ್‌ನ ಟಾಪ್ ಟ್ಯೂಬ್‌ಗೆ (ಫ್ರೇಮ್‌ನ ಮೇಲಿನ ಕೊಳವೆ) ಅಂಟಿಸಿ. ಹನ್ನೊಂದನೇ ಗಂಟೆಯಲ್ಲಿ ಕೂಡಿಸಿ ಕಳೆಯೋ ಬುದ್ಧಿ ಯಾರಿಗೂ ಇರಲ್ಲ.

ತೂಕ ಎರಡು ಕೆ.ಜಿ. ಇಳಿಸಿದ್ರೆ ಏರಿನ ಸಮಯದಲ್ಲಿ ಹತ್ತು-ಹನ್ನೆರಡು ನಿಮಿಷ ಉಳಿಯುತ್ತೆ. ಸೈಕಲ್‌ನ ತೂಕ 300 ಗ್ರಾಂ ಇಳಿಸೋಕೆ ದುಡ್ಡು ಸುರಿಯೋದಕ್ಕಿಂತ ಅದು ವಾಸಿ. ಆದ್ರೆ ಓಟದ ಹಿಂದಿನ ತಿಂಗಳು ಪಥ್ಯ ಶುರು ಮಾಡಬೇಡಿ.

ಹಗುರ_ಗಾಲಿ

ಕಾರ್ಬನ್ ವೀಲ್ ತಗೊಳ್ಳೋದಾ ಅಲ್ಯೂಮಿನಿಯಂ ಸಾಕಾ? ಹೊಸ ಸೈಕಲ್ಲೇ ತಗೊಂಡ್ರೆ ಹೇಗೆ? ಯಾವ ಮಾಡೆಲ್ ಒಳ್ಳೇದು?

ನಿರ್ವಾಹಕ

ಸೈಕಲ್ ಖರೀದಿಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಕೇಳಿ.

ಸ್ಪ್ರಾಕೆಟ್_ಶಾಸ್ತ್ರಿ

ಒಂದೇ ಸಾಲು, ಆಮೇಲೆ ಸುಮ್ನಾಗ್ತೀನಿ: ರಿಮ್ ಬ್ರೇಕ್ ಇರೋ ಕಾರ್ಬನ್ ವೀಲ್‌ನಲ್ಲಿ ಇಂಥ ಉದ್ದ ಇಳಿತಕ್ಕೆ ಹೋಗಬೇಡಿ. ಬ್ರೇಕ್ ಒತ್ತಿಕೊಂಡೇ ಇಳಿದ್ರೆ ರಿಮ್ ಬಿಸಿಯಾಗಿ ಕೆಟ್ಟುಹೋಗುತ್ತೆ.

ಡಾಕ್ಟರ್_ಪೆಡಲ್

ಊಟದ ವಿಷಯ ಇನ್ನೂ ಯಾರೂ ಎತ್ತಿಲ್ಲ, ಹಾಗಾಗಿ ಬರೀತಿದೀನಿ. ಶಾಸ್ತ್ರಿಗಳ ಲೆಕ್ಕವನ್ನೇ ಮುಂದುವರಿಸೋಣ. 86 ಕೆ.ಜಿ.ಯನ್ನ 5000 ಮೀ. ಮೇಲೆತ್ತೋಕೆ ಸುಮಾರು 4200 ಕಿಲೋಜೂಲ್ ಕೆಲಸ. ಸ್ನಾಯುಗಳು ಸುಟ್ಟ ಶಕ್ತಿಯಲ್ಲಿ ಪೆಡಲ್‌ಗೆ ತಲುಪೋದು ನಾಲ್ಕನೇ ಒಂದು ಭಾಗಕ್ಕಿಂತಲೂ ಕಮ್ಮಿ, ಉಳಿದದ್ದು ಬಿಸಿಯಾಗಿ ಹೋಗುತ್ತೆ. ಹಾಗಾಗಿ ಪೆಡಲ್ ಮೇಲಿನ ಕಿಲೋಜೂಲ್ ಎಷ್ಟೋ ಹತ್ರತ್ರ ಅಷ್ಟೇ ಕಿಲೋಕ್ಯಾಲರಿ ಖರ್ಚು ಅಂತ ಹಿಡೀಬಹುದು. ಏರಿಗೇ 4200, ಸಪಾಟು ಸೇರಿದ್ರೆ 5000 ದಾಟುತ್ತೆ. ಮೈಯಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ರೂಪದಲ್ಲಿ ಇರೋದು 2000ದ ಆಸುಪಾಸು. ಕೊಬ್ಬು ಬೇಕಾದಷ್ಟಿದೆ, ಆದ್ರೆ ಅದು ನಿಧಾನಕ್ಕೆ ಉರಿಯುತ್ತೆ. ಮೊದಲ ಏರಿನಲ್ಲಿ ಜೋರಾಗಿ ಹೋದಷ್ಟೂ ಗ್ಲೈಕೋಜನ್ ಹೆಚ್ಚು ಸುಡುತ್ತೆ. ಏರುಬಂಡಿಯವರು ಹೇಳಿದ "ನೆರಳಲ್ಲಿ ಕೂತ ನಂಬರ್‌ಗಳ" ಕಥೆ ಇದೇ.

ತಿನ್ನೋದು ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್. ಬರೀ ಗ್ಲೂಕೋಸ್ ಆದ್ರೆ ಕರುಳು ಗಂಟೆಗೆ 60 ಗ್ರಾಂ ಸುಮಾರಿಗೆ ಕೈಚೆಲ್ಲುತ್ತೆ. ಫ್ರಕ್ಟೋಸ್‌ಗೆ ಕರುಳಲ್ಲಿ ಬೇರೆ ಬಾಗಿಲಿದೆ, ಹಾಗಾಗಿ ಎರಡನ್ನೂ ಬೆರೆಸಿದ್ರೆ 90ರವರೆಗೆ ಹೋಗುತ್ತೆ. ಕಟ್ಟಿದ ಪುಡಿಗಳಲ್ಲಿ 2:1 (ಎರಡು ಪಾಲು ಗ್ಲೂಕೋಸ್, ಒಂದು ಪಾಲು ಫ್ರಕ್ಟೋಸ್) ಅಂತ ಬರೆದಿರೋದು ಅದಕ್ಕೇ. ಆದ್ರೆ ಓಟದ ದಿನವೇ ಮೊದಲ ಸಲ 90 ಗ್ರಾಂ ತುರುಕಿದ್ರೆ ಗ್ಯಾಲಿಬಿಯೆ ಪಕ್ಕದಲ್ಲಿ ಕೂತು ವಾಂತಿ ಮಾಡ್ತೀರಿ. ಕರುಳಿಗೂ ತರಬೇತಿ ಬೇಕು. ಪ್ರತಿ ವಾರಾಂತ್ಯದ ಲಾಂಗ್ ರೈಡ್‌ನಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಓಟದಲ್ಲಿ ಮೊದಲ ಅರ್ಧ ಗಂಟೆಯಿಂದಲೇ ತಿನ್ನೋಕೆ ಶುರು, ಹಸಿವಾಗೋವರೆಗೆ ಕಾಯಬೇಡಿ. ಸಿಹಿ ಸಾಕಾಗಿ ಹೋಗುತ್ತೆ, ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಇಟ್ಕೊಂಡಿರಿ.

ನೀರಿನ ವಿಷಯ ಇನ್ನೂ ಮುಖ್ಯ. ಬಾಯಾರಿಕೆಗೆ ತಕ್ಕಷ್ಟು ಕುಡೀರಿ. ಭಯಕ್ಕೆ ಲೀಟರ್‌ಗಟ್ಟಲೆ ಬರೀ ನೀರು ಕುಡಿದ್ರೆ ರಕ್ತದ ಸೋಡಿಯಂ ಇಳಿಯುತ್ತೆ. ತಲೆನೋವು, ವಾಕರಿಕೆ, ಗೊಂದಲ ಬರುತ್ತೆ, ಜೀವಕ್ಕೂ ಅಪಾಯ. ಇದು ನಿಧಾನ ಹೋಗೋರಿಗೇ ಜಾಸ್ತಿ, ಯಾಕಂದ್ರೆ ಅವರಿಗೆ ಕುಡಿಯೋಕೆ ಸಮಯ ಜಾಸ್ತಿ ಸಿಗುತ್ತೆ. ಇನ್ನೊಂದು: ಮಂಡಿ ನೋವಿಗೆ ಅಂತ ಐಬುಪ್ರೊಫೆನ್ ನುಂಗಿ ಓಟಕ್ಕೆ ಹೋಗಬೇಡಿ. ನೀರು ಕಮ್ಮಿಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ.

ಕಿರುಬೆರಳು

ಮೇಡಂ, ಕೈ ಜೋಮು ಹಿಡಿಯೋದಕ್ಕೆ ಏನಾದ್ರೂ ಹೇಳಿ. ನಾಲ್ಕು ಗಂಟೆ ಆದ್ಮೇಲೆ ಕಿರುಬೆರಳು, ಉಂಗುರಬೆರಳು ಇದೆಯೋ ಇಲ್ಲವೋ ಗೊತ್ತಾಗಲ್ಲ.

ಡಾಕ್ಟರ್_ಪೆಡಲ್

ಅಂಗೈ ಬುಡದಲ್ಲಿ ಹಾದು ಹೋಗೋ ಅಲ್ನರ್ ನರ ಒತ್ತಿಹೋಗೋದು. ಕೈ ಜಾಗ ಬದಲಿಸ್ತಾ ಇರಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ ಹಿಡೀಬೇಡಿ. ಸ್ಯಾಡಲ್ ಮೂತಿ ಕೆಳಗೆ ಬಾಗಿದ್ರೆ ಮೈಭಾರ ಎಲ್ಲ ಕೈಗೆ ಬೀಳುತ್ತೆ, ಮೊದಲು ಅದನ್ನ ನೋಡಿ. ಓಟ ಮುಗಿದು ವಾರವಾದ್ರೂ ಬೆರಳಲ್ಲಿ ಬಲ ಬರದಿದ್ರೆ ತೋರಿಸಿ.

ಗುಡ್ಡದ_ಗೌರಿ

ಸ್ಯಾಡಲ್ ಮಾತು ಬಂತಲ್ಲ, ಹೆಂಗಸರ ಪರವಾಗಿ ಒಂದು ಮಾತು. ಯಾರೋ ಹೇಳಿದ್ರು ಅಂತ ದಪ್ಪ ಜೆಲ್ ಸ್ಯಾಡಲ್ ಹಾಕಿಸ್ಕೋಬೇಡಿ. ಮೆತ್ತಗಿದ್ದಷ್ಟೂ ಒಳಗೆ ಇಳಿದು ನಡುವೆ ಒತ್ತುತ್ತೆ. ಕೂರೋ ಎಲುಬಿನ ಅಗಲಕ್ಕೆ ಸರಿಯಾದ, ನಡುವೆ ಸೀಳು ಇರೋ ಸ್ಯಾಡಲ್ ಹುಡುಕಿ. ಹೊಸ ಬಿಬ್ ಶಾರ್ಟ್ಸ್ (ಭುಜಪಟ್ಟಿ ಇರೋ ಸೈಕಲ್ ಚಡ್ಡಿ) ಓಟದ ದಿನ ಬಿಚ್ಚಬೇಡಿ. ಒಳಗೆ ಚಡ್ಡಿ ಹಾಕಬೇಡಿ (ಇದನ್ನ ಇನ್ನೂ ಹೇಳಬೇಕಾಗುತ್ತೆ, ಆಶ್ಚರ್ಯ!). ಕ್ರೀಮ್ ಧಾರಾಳ ಹಚ್ಚಿ.

ಗುಡ್ಡ ಇಲ್ಲದ ಊರಲ್ಲೇ ತಯಾರಿ ಮಾಡಿದವಳು ನಾನು. ಟ್ರೇನರ್ (ಸೈಕಲನ್ನ ನಿಂತಲ್ಲೇ ತುಳಿಯೋಕೆ ಬಿಡೋ ಸ್ಟ್ಯಾಂಡ್) ಮೇಲೆ ಮುಂದಿನ ಗಾಲಿ ಎತ್ತರಿಸಿ ಇಟ್ಟು, 40 ನಿಮಿಷ ಬಿಡದೆ 60-65ರ ಕ್ಯಾಡೆನ್ಸ್‌ನಲ್ಲಿ ಒಂದು ಗಂಟೆ ತಡೆದುಕೊಳ್ಳೋ ಪವರ್‌ನ 80% ಒತ್ತೋದು, ಹತ್ತು ನಿಮಿಷ ಬಿಡುವು, ಮತ್ತೆ ಅದೇ. ಬೋರು ಅಂದ್ರೆ ಬೋರು. ಆದ್ರೆ ಏರಿನಲ್ಲಿ ಪೆಡಲ್ ಬಿಟ್ರೆ ಸೈಕಲ್ ನಿಲ್ಲುತ್ತೆ, ಸಪಾಟಿನಲ್ಲಿ ಬಿಟ್ರೆ ಉರುಳ್ತಾ ಇರುತ್ತೆ. ಆ ಬಿಡುವೇ ಇಲ್ಲದ ತುಳಿತ ಟ್ರೇನರ್ ಮೇಲೆ ಚೆನ್ನಾಗಿ ಸಿಗುತ್ತೆ. ಬಯಲಲ್ಲಿ ಎದುರು ಗಾಳಿ ಇರೋ ರಸ್ತೆ ಹುಡುಕಿ, ಅದೂ ಒಂಥರಾ ಗುಡ್ಡವೇ.

ಅಲ್ಲಿ ಕಲಿಯೋಕಾಗದ್ದು ಇಳಿಯೋದು. ಅದಕ್ಕೆ ಓಟಕ್ಕೆ ಮುಂಚೆ ಎಲ್ಲಾದ್ರೂ ಒಂದು ವಾರ ನಿಜವಾದ ಘಾಟಿಯಲ್ಲಿ ಇಳಿದು ಅಭ್ಯಾಸ ಮಾಡಿ. ತಿರುವಿಗೆ ಮುಂಚೆ ಬ್ರೇಕ್, ತಿರುವಿನಲ್ಲಿ ಬಿಡಬೇಕು, ಹೊರಗಿನ ಪೆಡಲ್ ಕೆಳಗೆ, ಕಣ್ಣು ತಿರುವಿನ ಆಚೆಗೆ. ಕೈ ಡ್ರಾಪ್ಸ್‌ನಲ್ಲೇ (ಹ್ಯಾಂಡಲ್‌ನ ಕೆಳಗಿನ ಬಾಗು) ಇರಲಿ. ಹೆದರಿಕೊಂಡು ಇಳಿಯೋರಿಗೆ ಭುಜ, ಕುತ್ತಿಗೆ ಹಿಡ್ಕೊಳ್ಳುತ್ತೆ, ಮುಂದಿನ ಏರಿಗೆ ಅದೂ ಸೇರಿ ಸುಸ್ತು.

ಕಣ್ಣಳತೆ

ಇಷ್ಟೆಲ್ಲ ವ್ಯಾಟ್, ಗ್ರಾಂ, ಪರ್ಸೆಂಟು ಬೇಕಾ? ಮೊದಲೆಲ್ಲ ಜನ ಮೈ ಮಾತು ಕೇಳಿ ಓಡಿಸ್ತಿದ್ರು. ಮಾತಾಡೋಕಾಗೋ ಉಸಿರಲ್ಲಿ ಹತ್ತಿದ್ರೆ ಆಯ್ತಪ್ಪ.

ಏರುಬಂಡಿ

ಮಾತಾಡೋ ಉಸಿರಿನ ಅಳತೆ ಒಳ್ಳೇದೇ, ನಾನೂ ಅದನ್ನೇ ನಂಬ್ತೀನಿ. ಸಮಸ್ಯೆ ಏನಂದ್ರೆ ಬೆಳಗ್ಗೆ ಏಳೂವರೆಗೆ ಮೈ ಸುಳ್ಳು ಹೇಳುತ್ತೆ. ಆ ಮೊದಲ ಗಂಟೆಗೆ ಮಾತ್ರ ಪವರ್ ಮೀಟರ್ ನೋಡಿ. ಮಧ್ಯಾಹ್ನದ ಮೇಲೆ ಸ್ಕ್ರೀನ್ ಆಫ್ ಮಾಡಿದ್ರೂ ನಡೆಯುತ್ತೆ, ಆಗ ಮೈ ನಿಜವನ್ನೇ ಹೇಳೋದು.

ಹಾರ್ಟ್ ರೇಟ್ ಮಾತ್ರ ನಂಬಿ ಹೋಗೋರಿಗೆ ಒಂದು ಎಚ್ಚರಿಕೆ. ಬಿಸಿಲಲ್ಲಿ ಬೆವರು ಹೋದ ಹಾಗೆ ಅದೇ ಪವರ್‌ಗೆ ಬಡಿತ ತಾನಾಗಿ ಏರ್ತಾ ಹೋಗುತ್ತೆ.

ನಿಧಾನ_ಗಾಲಿ

ನಾನು ತೀರ್ಮಾನ ಮಾಡಿದ್ದು ಇಷ್ಟು. 11-34 ಕ್ಯಾಸೆಟ್ ಹಾಕಿಸ್ತೀನಿ, ಡಿರೇಲರ್ ಸೇರಿ. ವಾರದ ಮಧ್ಯೆ ಗೌರಿಯವರು ಹೇಳಿದ 40 ನಿಮಿಷದ ತುಳಿತ. ಭಾನುವಾರ ಲಾಂಗ್ ರೈಡ್, ಅದರಲ್ಲಿ ಊಟದ ಅಭ್ಯಾಸ, 50 ಗ್ರಾಂನಿಂದ ಶುರು. ಗ್ಲ್ಯಾಂಡನ್‌ನಲ್ಲಿ 165 ದಾಟಲ್ಲ, ಯಾರು ಏನೇ ಅಂದ್ರೂ.

ಇನ್ನೊಂದೇ ಪ್ರಶ್ನೆ. ನಿಯಮಾವಳಿಯಲ್ಲಿ ಲೈಟ್ ಬಗ್ಗೆ ಬರೆದಿದ್ದಾರೆ. ಹಗಲಲ್ಲಿ ಓಟ, ಲೈಟ್ ಯಾಕೆ?

ಏರುಬಂಡಿ

ಲೋತಾರೆಯಿಂದ ಬೂರ್ ದ್ವಾಸಾಂಗೆ ಇಳಿಯೋ ದಾರಿಯಲ್ಲಿ ಸುರಂಗಗಳಿವೆ. ಬಿಸಿಲಿಂದ ಒಮ್ಮೆಲೇ ಕತ್ತಲೆಗೆ, ಅದೂ 50ರ ವೇಗದಲ್ಲಿ, ಕಣ್ಣು ಹೊಂದಿಕೊಳ್ಳೋಷ್ಟರಲ್ಲಿ ಅರ್ಧ ಸುರಂಗ ಮುಗಿದಿರುತ್ತೆ. ಹಿಂದೆ ಕಾರುಗಳೂ ಬರ್ತಿರುತ್ವೆ. ಹಿಂದಿನ ಕೆಂಪು ಲೈಟ್ ಖಂಡಿತ ಬೇಕು, ಮುಂದೆಯೂ ಒಂದು ಸಣ್ಣದು ಇರಲಿ. ಗ್ಯಾಲಿಬಿಯೆ ಮೇಲೆ ಜಾಕೆಟ್ ಹಾಕೋಕೆ ನಿಲ್ತೀರಲ್ಲ, ಅಲ್ಲೇ ಆನ್ ಮಾಡಿ. ಕಪ್ಪು ಕನ್ನಡಕ ಹಾಕೋರಾದ್ರೆ ಬಿಸಿಲಿಗೆ ಬಣ್ಣ ಬದಲಾಗೋ ಗಾಜು ಬೇಡ, ಅದು ಅಷ್ಟು ಬೇಗ ತಿಳಿಯಾಗಲ್ಲ. ಸುರಂಗಕ್ಕೆ ಮುಂಚೆ ಮೂಗಿನ ಮೇಲೆ ಜಾರಿಸಿ ಮೇಲಿಂದ ನೋಡ್ಕೊಂಡು ಹೋಗಿ.

ಗುಡ್ಡದ_ಗೌರಿ

ಲೈಟ್ ಹಿಂದಿನ ರಾತ್ರಿ ಚಾರ್ಜ್ ಹಾಕಿ. ಜಾಕೆಟ್ ಬೆನ್ನು ಲೈಟ್ ಮೇಲೆ ಇಳಿಬೀಳದ ಹಾಗೂ ನೋಡ್ಕೊಳ್ಳಿ, ಸೀಟ್‌ಪೋಸ್ಟ್‌ನಲ್ಲಿ ಆದಷ್ಟು ಕೆಳಗೆ ಕಟ್ಟಿ.